ಮೇಲೆ ಥಳುಕು, ಒಳಗೆ ತುಕ್ಕು: ನನ್ನ 1968ರ ಮಸ್ಟಾಂಗ್‌ಗೆ ಕೆಲಸ ಮಾಡಿದ ಶಾಪ್ ಬಗ್ಗೆ

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ. ಡೆಟ್ರಾಯ್ಟ್‌ನಿಂದ ಉತ್ತರಕ್ಕೆ ಮುಕ್ಕಾಲು ಗಂಟೆ ದೂರದಲ್ಲಿ ಇಬ್ಬರೇ ನಡೆಸುವ ಒಂದು ಬಾಡಿ ಶಾಪ್ ಇದೆ. ಅಲ್ಲಿಗೆ ನನ್ನ 1968ರ ಫೋರ್ಡ್ ಮಸ್ಟಾಂಗ್ ಫಾಸ್ಟ್‌ಬ್ಯಾಕ್ ಕೊಟ್ಟಿದ್ದೆ. ಪೇಂಟ್ ಮಾಡಿಸಲು ಅಲ್ಲ, ಒಳಗೆ ಕೂತಿದ್ದ ತುಕ್ಕು ತೆಗೆಸಲು. ನಾಲ್ಕು ತಿಂಗಳ ಕೆಲಸ ಎಂದಿದ್ದದ್ದು ಹನ್ನೊಂದು ತಿಂಗಳು ಹಿಡಿಯಿತು. ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ದುಡ್ಡು ಹೋಯಿತು. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಶಾಪ್ ಹೆಸರು ಬರೆಯುತ್ತಿಲ್ಲ. ಯಜಮಾನರೇ ಬೇಡ ಅಂದರು. ಒಂದೂವರೆ ವರ್ಷದ ಕೆಲಸ ಈಗಲೇ ಸಾಲಿನಲ್ಲಿದೆ, ಹೊರಗೆ ಒಂದು ಬೋರ್ಡ್ ಕೂಡ ಹಾಕಿಲ್ಲ. ಹಾಗಾದರೆ ಇದನ್ನು ಯಾಕೆ ಬರೆಯಬೇಕು ಅಂತ ಕೇಳಬಹುದು. ಇಲ್ಲಿ ಮಿಷಿಗನ್‌ನಲ್ಲಿ ನಮ್ಮವರು ಎಷ್ಟೋ ಜನ ಕಾರ್ ಕಂಪನಿಗಳಲ್ಲೇ ಕೆಲಸ ಮಾಡುತ್ತಾರೆ. ಆಗಸ್ಟ್ ತಿಂಗಳಲ್ಲಿ ವುಡ್‌ವರ್ಡ್ ರಸ್ತೆಯ ಡ್ರೀಮ್ ಕ್ರೂಸ್, ಅಂದರೆ ಹಳೇ ಕಾರುಗಳ ಮೆರವಣಿಗೆ, ನೋಡಿ ಬಂದ ಮೇಲೆ ಒಂದು ಹಳೇ ಮಸಲ್ ಕಾರ್ ಕೊಳ್ಳಬೇಕು ಅಂತ ಮನಸ್ಸಾಗುವುದು ನನಗೊಬ್ಬನಿಗೇ ಅಲ್ಲ. ಕಳೆದ ವರ್ಷ ಇಲ್ಲಿನ ಕನ್ನಡಿಗರ ಸಂಘವಾದ ಪಂಪ ಕನ್ನಡ ಕೂಟದ ಗೆಳೆಯರೊಬ್ಬರು ಫೋನ್ ಮಾಡಿ, ಹೊಸದಾಗಿ ಪೇಂಟ್ ಆಗಿರೋ ಕಾರ್ ಸಿಕ್ಕಿದೆ, ತಗೊಳ್ಳಲಾ ಅಂತ ಕೇಳಿದರು. ಆ ಮಾತು ಕೇಳಿಯೇ ನನಗೆ ಭಯ ಆಯಿತು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕಾರನ್ನೂ ಹೊಸ ಪೇಂಟ್ ನೋಡಿಯೇ ಕೊಂಡಿದ್ದೆ. ಕಡು ಹಸಿರು ಬಣ್ಣ, ಕನ್ನಡಿ ಥರ ಹೊಳೆಯುತ್ತಿತ್ತು. ಚಾಸಿ ನಂಬರಿನ ಐದನೇ ಅಕ್ಷರ ಎಸ್. ಅಂದರೆ ಫ್ಯಾಕ್ಟರಿಯಿಂದಲೇ 390 ಕ್ಯೂಬಿಕ್ ಇಂಚಿನ ಎಂಜಿನ್ ಬಂದ ಕಾರು, 325 ಕುದುರೆ ಶಕ್ತಿ. ಎಂಜಿನ್ ಬಗ್ಗೆ ಹೇಳುವುದು ಏನೂ ಇಲ್ಲ, ಅದು ಚೆನ್ನಾಗಿಯೇ ಇತ್ತು, ಈಗಲೂ ಚೆನ್ನಾಗಿದೆ. ಕೆಳಗೆಲ್ಲ ದಪ್ಪ ಕರೀ ಅಂಡರ್‌ಕೋಟಿಂಗ್ ಹೊಡೆದಿದ್ದರು. ನೋಡಿದಾಗ ನನಗೆ ಖುಷಿಯೇ ಆಯಿತು, ಎಷ್ಟು ಕಾಳಜಿಯಿಂದ ಇಟ್ಟುಕೊಂಡಿದ್ದಾರೆ ಅಂತ. ಈಗ ಹೇಳುತ್ತೇನೆ, ಐವತ್ತು ವರ್ಷ ದಾಟಿದ ಕಾರಿನ ಕೆಳಗೆ ತಾಜಾ ಕರೀ ಕೋಟಿಂಗ್ ಕಂಡರೆ ಅಲ್ಲಿಂದ ಎದ್ದು ಬನ್ನಿ. ಇಲ್ಲವೇ ಅದನ್ನು ಕೆರೆದು ನೋಡಲು ಬಿಡುತ್ತೀರಾ ಅಂತ ಕೇಳಿ. ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಅನುಮಾನ ಬಂದದ್ದು ವಾಸನೆಯಿಂದ. ಮೊದಲ ಮಳೆಗೆ ಹೊರಗೆ ತೆಗೆದುಕೊಂಡು ಹೋಗಿದ್ದೆ. ಮಾರನೇ ದಿನ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ನನಗೆ ಕುಂದಾಪುರ ನೆನಪಾಯಿತು. ಮಳೆಗಾಲದಲ್ಲಿ ಅಪ್ಪ ಅಂಬಾಸಿಡರ್ ಕಾರಿನ ಮ್ಯಾಟ್ ಕೆಳಗೆ ನ್ಯೂಸ್‌ಪೇಪರ್ ಹಾಸುತ್ತಿದ್ದರು, ದಿನಾ ಬೆಳಿಗ್ಗೆ ತೆಗೆದು ಹಿಂಡಿ ಹೊಸದು ಹಾಕುತ್ತಿದ್ದರು. ಸಮುದ್ರದ ಗಾಳಿ, ಮೂರ್ನಾಲ್ಕು ತಿಂಗಳ ಮಳೆ, ಫ್ಲೋರ್ ತಗಡು ಉಳಿಯುವುದಾದರೂ ಹೇಗೆ. ಇಲ್ಲಿ ಸಮುದ್ರ ಇಲ್ಲ, ಆದರೆ ಉಪ್ಪು ಇದೆ. ಚಳಿಗಾಲ ಪೂರ್ತಿ ರಸ್ತೆ ಮೇಲೆ ಉಪ್ಪು ಸುರಿಯುತ್ತಾರೆ. ಡೆಟ್ರಾಯ್ಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಒಂದು ದೊಡ್ಡ ಉಪ್ಪಿನ ಗಣಿ ಇದೆ. ಕಾರ್ ಹುಟ್ಟುವ ಊರೂ ಅದೇ, ಕಾರಿಗೆ ತುಕ್ಕು ಹಿಡಿಸುವ ಉಪ್ಪು ಸಿಗುವ ಊರೂ ಅದೇ. ಅರವತ್ತರ ದಶಕದ ಕಾರುಗಳಿಗೆ ಈಗಿನ ಕಾರುಗಳ ಹಾಗೆ ಮೈತುಂಬ ಸತುವಿನ ಲೇಪ ಇರಲಿಲ್ಲ, ಅದು ವ್ಯಾಪಕವಾಗಿ ಬಂದದ್ದು ಎಂಬತ್ತರ ದಶಕದಲ್ಲಿ. ಅವತ್ತಿನ ತಗಡನ್ನು ಹೆಚ್ಚಾಗಿ ಕಾಯುತ್ತಿದ್ದದ್ದು ಪೇಂಟ್, ಆ ಪೇಂಟೂ ಒಳಗಿನ ಸಂದಿಗೊಂದಿಗೆಲ್ಲ ಹೋಗುತ್ತಿರಲಿಲ್ಲ.

ಈ ಶಾಪ್‌ಗೆ ಮೊದಲು ಹೋದಾಗ ಯಜಮಾನರು ಕಾರನ್ನು ಹೊರಗೇ ನಿಲ್ಲಿಸಿಕೊಂಡರು. ವಯಸ್ಸು ಅರವತ್ತು ದಾಟಿದೆ. ಜೊತೆಗೆ ಮೂವತ್ತರ ಆಸುಪಾಸಿನ ಒಬ್ಬ ಹುಡುಗಿ, ವೆಲ್ಡಿಂಗ್ ಪೂರ್ತಿ ಆಕೆಯದೇ. ಪರೀಕ್ಷೆಗೆ 350 ಡಾಲರ್, ಕೆಲಸ ಅಲ್ಲೇ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತೇವೆ ಎಂದರು. ನೋಡುವುದಕ್ಕೂ ದುಡ್ಡಾ ಅಂತ ಅನಿಸಿತ್ತು. ಈಗ ಕೇಳಿದರೆ, ಇಡೀ ಕೆಲಸದಲ್ಲಿ ನಾನು ಕೊಟ್ಟ ಅತಿ ಒಳ್ಳೆಯ ದುಡ್ಡು ಅದೇ. ಮೂರು ಗಂಟೆ ನೋಡಿದರು, ಮೂರೂ ಗಂಟೆ ನನ್ನನ್ನು ಪಕ್ಕದಲ್ಲೇ ಇಟ್ಟುಕೊಂಡರು.

ಮೊದಲು ಮ್ಯಾಗ್ನೆಟ್. ತೆಳು ಬಟ್ಟೆಯಲ್ಲಿ ಸುತ್ತಿದ ಚಿಕ್ಕ ಮ್ಯಾಗ್ನೆಟ್ ಅನ್ನು ಬಾಡಿ ಮೇಲೆ ಇಡುತ್ತಾ ಬಂದರು. ರೂಫ್ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿತು. ಹಿಂದಿನ ಚಕ್ರದ ಹಿಂದೆ, ಕ್ವಾರ್ಟರ್ ಪ್ಯಾನೆಲ್ ಕೆಳಗೆ ಬಂದ ಕೂಡಲೇ ಜಾರಿ ಬಿತ್ತು. ಅಲ್ಲಿ ತಗಡೇ ಇಲ್ಲ, ಬೆರಳು ದಪ್ಪ ಪುಟ್ಟಿ. ಆಮೇಲೆ ಬೋರ್‌ಸ್ಕೋಪ್, ಅಂದರೆ ಉದ್ದ ವೈರಿನ ತುದಿಯಲ್ಲಿ ಕ್ಯಾಮೆರಾ. ಬಾಗಿಲ ಕೆಳಗಿನ ರಾಕರ್‌ನಲ್ಲಿ ನೀರು ಹೋಗಲು ಬಿಟ್ಟ ತೂತಿನಿಂದ ಅದನ್ನು ಒಳಗೆ ತೂರಿಸಿದರು. ಫೋನಿನ ಪರದೆ ಮೇಲೆ ಕಂಡದ್ದು ನೋಡಿ ಹೊಟ್ಟೆ ತೊಳೆಸಿದಂತಾಯಿತು. ಗೆದ್ದಲು ಹಿಡಿದ ಬಾಗಿಲು ನೋಡಿದ್ದೀರಲ್ವಾ, ಹೊರಗೆ ಪಾಲಿಶ್ ಹಾಗೇ ಇರುತ್ತದೆ, ಬೆರಳಲ್ಲಿ ಒತ್ತಿದರೆ ಒಳಗೆ ಪೊಳ್ಳು. ಅದೇ ಥರ. ಪದರ ಪದರವಾಗಿ ಎದ್ದ ತುಕ್ಕು, ನಡುವೆ ಹಳೇ ಎಲೆ, ಮಣ್ಣು.

ಮೂರನೆಯದು ನೀರು. ಮಸ್ಟಾಂಗ್ ಕೊಳ್ಳುವವರು ಇದೊಂದನ್ನಾದರೂ ಮಾಡಲೇಬೇಕು. ಮುಂದಿನ ಗ್ಲಾಸಿನ ಬುಡದಲ್ಲಿ, ವೈಪರ್ ಇರುವ ಕಡೆ, ಸಣ್ಣ ಸೀಳುಗಳಿರುವ ತಗಡು ಇರುತ್ತದೆ. ಅದನ್ನು ಕೌಲ್ ಅನ್ನುತ್ತಾರೆ. ಒಳಗೆ ಗಾಳಿ ಬರಲು ಆ ಸೀಳು. ಗಾಳಿ ಜೊತೆ ಮಳೆ ನೀರೂ ಒಳಗೆ ಬೀಳುತ್ತದೆ. ಕೆಳಗೆ ಇನ್ನೊಂದು ತಗಡಿದೆ, ಅದರಲ್ಲಿ ಎರಡು ಕಡೆ ಗಾಳಿಗೆ ದೊಡ್ಡ ತೂತು, ತೂತಿನ ಸುತ್ತ ಬಾವಿಕಟ್ಟೆ ಥರ ಎತ್ತರದ ಅಂಚು. ಅಂಗಳದ ನೀರು ಬಾವಿಗೆ ಬೀಳದೆ ಕಟ್ಟೆ ಸುತ್ತಿ ಹೋಗುತ್ತದಲ್ಲ, ಹಾಗೆ ಈ ನೀರು ಅಂಚನ್ನು ಸುತ್ತಿಕೊಂಡು ಎರಡೂ ಬದಿಗೆ ಹೋಗಿ, ಮುಂದಿನ ಫೆಂಡರ್ ಹಿಂದೆ ಕೆಳಗೆ ಸುರಿಯಬೇಕು. ಎಲೆ ಬಿದ್ದು ದಾರಿ ಮುಚ್ಚಿದರೆ ನೀರು ನಿಲ್ಲುತ್ತದೆ. ನಿಂತ ನೀರು ಕಟ್ಟೆಯ ಬುಡವನ್ನೇ ತಿನ್ನುತ್ತದೆ. ಬುಡ ತೂತಾದರೆ ನೀರೆಲ್ಲ ಕಾರಿನ ಒಳಗೆ. ಫ್ಲೋರ್ ತಗಡು ತುಕ್ಕು ಹಿಡಿಯುವುದು ಕೆಳಗಿನಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಈ ಕಾರುಗಳಲ್ಲಿ ಎಷ್ಟೋ ಸಲ ಮೇಲಿನಿಂದ, ಕಾರ್ಪೆಟ್ ಕೆಳಗಿನಿಂದ ಶುರುವಾಗುತ್ತದೆ.

ಯಜಮಾನರು ನೀರಿನ ಪೈಪ್ ತಂದು ಕೌಲ್ ಮೇಲೆ ಹಿಡಿದರು. ನನ್ನ ಕೈಗೆ ಟಾರ್ಚ್ ಕೊಟ್ಟು, ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ನೋಡು ಅಂದರು. ಅರ್ಧ ನಿಮಿಷ ಆಗಿರಲಿಲ್ಲ, ಹೀಟರ್ ಡಬ್ಬಿಯ ಪಕ್ಕದಿಂದ ನೀರು ಇಳಿದು ನನ್ನ ಕೊರಳಿಗೇ ಬಿತ್ತು. ಅವರು ಏನೂ ಹೇಳಲಿಲ್ಲ. ಪೈಪ್ ಬಂದ್ ಮಾಡಿ, ಟವೆಲ್ ಕೊಟ್ಟರು.

ನನಗೆ ಈ ಶಾಪ್ ಮೇಲೆ ನಂಬಿಕೆ ಬಂದದ್ದು ಅಲ್ಲಿ. ಇದಕ್ಕೂ ಮೊದಲು ಬೇರೆ ಎರಡು ಕಡೆ ತೋರಿಸಿದ್ದೆ. ಒಬ್ಬರು ಫೋಟೋ ನೋಡಿಯೇ ರೇಟ್ ಹೇಳಿದರು. ಇನ್ನೊಬ್ಬರು ಫ್ಲೋರ್ ಮೇಲೆ ತಗಡು ಹೊದಿಸಿ ಕೊಡುತ್ತೇವೆ, ಎರಡು ವಾರ ಸಾಕು ಅಂದರು. ಹೊದಿಸುವುದೇ ಅಲ್ವಾ ನನ್ನ ಕಾರಿಗೆ ಆಗಿದ್ದ ಕೇಡು? ಹಳೇ ತುಕ್ಕಿನ ಮೇಲೆ ಹೊಸ ತಗಡು ಇಟ್ಟರೆ ಎರಡರ ನಡುವೆ ತೇವ ಕೂರುತ್ತದೆ. ಅದಕ್ಕೆ ಗಾಳಿಯೂ ಇಲ್ಲ, ಒಣಗುವ ದಾರಿಯೂ ಇಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ತಗೊಳ್ಳುತ್ತದೆ, ಹಾಗಾಗಿ ಎರಡು ತಗಡುಗಳನ್ನು ಒಳಗಿನಿಂದಲೇ ದೂಡಿ ಬಾಯಿ ಬಿಡಿಸುತ್ತದೆ. ಎರಡು ಮೂರು ವರ್ಷ ಚೆಂದ ಕಾಣುತ್ತದೆ, ಆಮೇಲೆ ಹೊಸ ತಗಡೂ ಹೋಗುತ್ತದೆ.

ಬಿಚ್ಚುವ ಕೆಲಸ ಶುರುವಾದ ಮೇಲೆ ಪ್ರತಿ ಶುಕ್ರವಾರ ಫೋಟೋ ಬರುತ್ತಿತ್ತು. ಅವರ ನಿಯಮ ಸರಳ. ಫೋಟೋ ತೆಗೆಯದೆ ಏನನ್ನೂ ಕತ್ತರಿಸುವುದಿಲ್ಲ, 500 ಡಾಲರಿಗಿಂತ ಜಾಸ್ತಿ ಆಗುವ ಹೊಸ ತುಕ್ಕು ಸಿಕ್ಕರೆ ನನ್ನನ್ನು ಕೇಳದೆ ಮುಂದೆ ಹೋಗುವುದಿಲ್ಲ. ಕಾರ್ಪೆಟ್ ಎತ್ತಿದ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಯಾರೋ ಪುಣ್ಯಾತ್ಮರು ಡ್ರೈವರ್ ಕಡೆ ತೂತಿನ ಮೇಲೆ ಮನೆ ಛಾವಣಿಗೆ ಹಾಕುವ ಡಾಂಬರು ಮೆತ್ತಿ, ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಸಿ, ರಿವೆಟ್ ಹೊಡೆದು ಅಲ್ಯೂಮಿನಿಯಂ ತಗಡು ಕೂರಿಸಿದ್ದರು. ಆ ತಗಡಿನ ಮೇಲೆ ನನ್ನ ಮಗಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಿದ್ದೇನೆ. ಸೀಟ್ ಹಿಡಿದುಕೊಂಡಿದ್ದ ಬೋಲ್ಟುಗಳಲ್ಲಿ ಎರಡಕ್ಕೆ ಸುತ್ತ ತಗಡೇ ಇರಲಿಲ್ಲ. ಆ ಫೋಟೋ ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಕೌಲ್ ಬಿಚ್ಚುವುದು ದೊಡ್ಡ ಕೆಲಸ. ಬಾನೆಟ್, ಫೆಂಡರ್, ಮುಂದಿನ ಗ್ಲಾಸ್, ಡ್ಯಾಶ್ ಎಲ್ಲ ಹೊರಗೆ ಬರಬೇಕು. ಆಮೇಲೆ ಫ್ಯಾಕ್ಟರಿಯ ಸ್ಪಾಟ್ ವೆಲ್ಡುಗಳು. ಎರಡು ತಗಡು ಒತ್ತಿ ಹಿಡಿದು ಕರೆಂಟಿನಲ್ಲಿ ಕರಗಿಸಿ ಕೂಡಿಸಿದ ಚುಕ್ಕೆಗಳು ಅವು, ಕಡಲೆಬೇಳೆ ಗಾತ್ರದವು. ಇಂಥ ಚುಕ್ಕೆಗಳು ಕೌಲ್ ಒಂದರಲ್ಲೇ ನೂರಕ್ಕೂ ಜಾಸ್ತಿ. ಒಂದೊಂದನ್ನೂ ಹುಡುಕಿ, ಮೇಲಿನ ತಗಡು ಮಾತ್ರ ಕೊರೆದು, ಕೆಳಗಿನದಕ್ಕೆ ಏಟಾಗದಂತೆ ಬಿಡಿಸಬೇಕು. ಒಂದು ಶನಿವಾರ ನಾನೂ ಹೋಗಿ ಹತ್ತು ಚುಕ್ಕೆ ಕೊರೆದೆ. ಯಜಮಾನರು ನಾಲ್ಕು ಸಲ ತಡೆದು, ಡ್ರಿಲ್ ಹಿಡಿಯುವುದು ತೋರಿಸಿಕೊಟ್ಟರು. ಮೇಲಿನ ತಗಡು ಎತ್ತಿದಾಗ ಒಳಗೆ ಒಂದು ಬಕೆಟ್ ತುಂಬುವಷ್ಟು ಪೈನ್ ಎಲೆ, ಇಲಿ ಗೂಡು, ಎರಡು ಕಟ್ಟೆಯಲ್ಲಿ ಒಂದು ಪೂರ್ತಿ ಇಲ್ಲ. ಅದರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಟೋಪಿಯನ್ನು ಸೀಲೆಂಟ್ ಹಾಕಿ ಅಂಟಿಸಿದ್ದರು. ಅಂಥವು ಅಂಗಡಿಯಲ್ಲಿ ಸಿಗುತ್ತವೆ. ತಾತ್ಕಾಲಿಕವಾಗಿ ಸೋರುವುದು ನಿಲ್ಲುತ್ತದೆ, ತುಕ್ಕು ಮಾತ್ರ ಸುತ್ತ ಬೆಳೆಯುತ್ತಲೇ ಇರುತ್ತದೆ.

ಕೌಲ್, ಫ್ಲೋರ್, ರಾಕರ್, ಬ್ಯಾಟರಿ ಕೆಳಗಿನ ಏಪ್ರನ್ (ಎಂಜಿನ್ ಪಕ್ಕದ ಒಳ ತಗಡು). ಇವು ಹೋಗಿರುತ್ತವೆ ಅಂತ ಮೊದಲ ದಿನವೇ ಹೇಳಿದ್ದರು. ಬ್ಯಾಟರಿ ಆಸಿಡ್ ಬಿದ್ದು ಏಪ್ರನ್ ಹೋಗುವುದು ಈ ಕಾರುಗಳಿಗೆ ಸಾಮಾನ್ಯ. ಯಾರೂ ಎಣಿಸದೇ ಇದ್ದದ್ದು ಎಡಗಡೆಯ ಹಿಂದಿನ ಫ್ರೇಮ್ ರೈಲ್, ಅಂದರೆ ಕಾರಿನ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತೊಲೆ. ಹೊರಗೆ ನೀಟಾಗಿ ಕರೀ ಬಣ್ಣ, ಒಂದು ಗುಳಿಯೂ ಇಲ್ಲ. ಯಜಮಾನರು ಚಿಕ್ಕ ಸುತ್ತಿಗೆಯಲ್ಲಿ ತಟ್ಟುತ್ತಾ ಬಂದರು, ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವಲ್ಲ ಹಾಗೆ. ಬಲಗಡೆ ಟಣ್ ಟಣ್ ಅಂತ ಬರುತ್ತಿತ್ತು. ಎಡಗಡೆ ಮಧ್ಯದಲ್ಲಿ ಬಂದಾಗ ದಬ್ ಅಂತ ಸದ್ದು. ಸ್ಕ್ರೂಡ್ರೈವರ್ ಒತ್ತಿದರು, ಒಳಗೆ ಹೋಯಿತು. ಹಿಂದಿನ ಸ್ಪ್ರಿಂಗ್ ಮುಂದೆ ಬಂದು ಸೇರುವ ಜಾಗದ ಹತ್ತಿರವೇ. ಮಸ್ಟಾಂಗ್‌ಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಈ ರೈಲುಗಳು, ಫ್ಲೋರ್, ರಾಕರ್ ಎಲ್ಲ ಸೇರಿಯೇ ಕಾರಿನ ಬೆನ್ನೆಲುಬು. ಅವತ್ತು ಸಂಜೆ ಫೋನ್ ಬಂತು. ಇದು ಹೇಳಲು ಇಷ್ಟ ಇಲ್ಲ, ಆದರೆ ಬಂದು ಕಣ್ಣಾರೆ ನೋಡು, ನೋಡಿ ತೀರ್ಮಾನ ಮಾಡು, ಮುಂದೆ ಹೋಗುವುದು ಬೇಡ ಅಂದರೆ ಇಲ್ಲಿಯವರೆಗಿನ ಲೆಕ್ಕ ಮುಗಿಸಿ ಕಾರು ವಾಪಸ್ ಕೊಡುತ್ತೇವೆ ಅಂದರು. ಅದನ್ನು ಮುಚ್ಚಿ ಬಣ್ಣ ಬಳಿದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಕತ್ತರಿಸುವ ಮೊದಲು ಅವರು ಮಾಡಿದ ತಯಾರಿ ನನಗೆ ಇಷ್ಟವಾಯಿತು. ಸಸ್ಪೆನ್ಶನ್ ಕೂರುವ ಜಾಗಗಳ ಮೇಲೆಯೇ ಭಾರ ಬೀಳುವಂತೆ ಕಾರನ್ನು ಸ್ಟ್ಯಾಂಡ್ ಮೇಲೆ ಮಟ್ಟಸವಾಗಿ ನಿಲ್ಲಿಸಿದರು. ಬಾಗಿಲ ಜಾಗದಲ್ಲಿ ಚೌಕ ಪೈಪುಗಳನ್ನು ಅಡ್ಡ, ಓರೆ ಬೆಸೆದರು. ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಟ್ಟರು. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದು ಬದಿಗೆ ಕೈ ಹಾಕಲಿಲ್ಲ. ಇದನ್ನು ಮಾಡದೆ ಎರಡೂ ಫ್ಲೋರ್ ಒಟ್ಟಿಗೇ ಕತ್ತರಿಸಿದರೆ ಬಾಡಿ ಬಾಗುತ್ತದೆ, ಬಾಗಿಲು ಮತ್ತೆ ಯಾವತ್ತೂ ಸರಿಯಾಗಿ ಕೂರುವುದಿಲ್ಲ. ನನ್ನ ಕಾರಿನ ಬಾಗಿಲು ಈಗ ಒಂದು ಬೆರಳಿನಲ್ಲಿ ದೂಡಿದರೆ ಮುಚ್ಚುತ್ತದೆ, ಮೊದಲು ಎತ್ತಿ ಬಡಿಯಬೇಕಿತ್ತು.

ಮರಳು ಹೊಡೆಸಿ ಪೇಂಟ್ ತೆಗೆಸೋಣವಾ ಅಂತ ಕೇಳಿದ್ದೆ, ಬೇಗ ಆಗುತ್ತದಲ್ವಾ ಅಂತ. ರೂಫ್, ಬಾಗಿಲಿನಂಥ ಅಗಲದ ಚಪ್ಪಟೆ ತಗಡಿಗೆ ಬೇಡವೇ ಬೇಡ, ತಿರುಚಿಕೊಂಡರೆ ಸರಿ ಮಾಡಲು ಆಗುವುದಿಲ್ಲ ಅಂದರು. ದಪ್ಪ ರೈಲ್, ಬ್ರಾಕೆಟ್‌ಗಳಿಗೆ ಮಾತ್ರ ಮರಳು. ಉಳಿದದ್ದಕ್ಕೆ ಪೇಂಟ್ ಕರಗಿಸುವ ದ್ರಾವಣ ಮತ್ತು ಕೈಕೆಲಸ. ರೂಫ್ ಮತ್ತು ಹಿಂದಿನ ಕ್ವಾರ್ಟರ್ ಸೇರುವ ಕಡೆ ಫ್ಯಾಕ್ಟರಿಯವರು ಸೀಸ ತುಂಬಿರುತ್ತಾರೆ, ಅದನ್ನು ಒಣ ಉಜ್ಜಿದರೆ ವಿಷದ ಪುಡಿ ಏಳುತ್ತದೆ. ಮನೆಯಲ್ಲಿ ಈ ಕೆಲಸ ಮಾಡುವವರು ದಯವಿಟ್ಟು ಮಾಸ್ಕ್ ಹಾಕಿಕೊಳ್ಳಿ, ಬಟ್ಟೆ ಮಾಸ್ಕ್ ಅಲ್ಲ, ಫಿಲ್ಟರ್ ಇರುವ ರೆಸ್ಪಿರೇಟರ್. ಮಕ್ಕಳು ಓಡಾಡುವ ಗ್ಯಾರೇಜಿನಲ್ಲಿ ಮಾಡಲೇಬೇಡಿ.

ವೆಲ್ಡಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ, ಕಳ್ಳಾಟ ನಡೆಯುವುದೂ ಇಲ್ಲೇ. ಹೊಸ ಪ್ಯಾನೆಲ್ ಅಂದ ಮಾತ್ರಕ್ಕೆ ಸರಿಯಾಗಿ ಕೂರುತ್ತದೆ ಅಂತಲ್ಲ. ಈಗಿನವರು ಹೊಸದಾಗಿ ಒತ್ತಿ ಮಾಡಿದ ತಗಡುಗಳು ಅವು, ಅಲ್ಲಿ ಇಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಆ ಹುಡುಗಿ ಪ್ರತಿ ಪ್ಯಾನೆಲನ್ನೂ ಮೊದಲು ಸ್ಕ್ರೂ ಹಾಕಿ ಕೂರಿಸಿ, ಬಾಗಿಲು ಫೆಂಡರ್ ಎಲ್ಲ ಸುಮ್ನೆ ತಗುಲಿಸಿ, ಸಂದಿ ನೋಡಿ, ಮತ್ತೆ ತೆಗೆದು ತಟ್ಟಿ, ಮತ್ತೆ ಕೂರಿಸಿ, ಹೀಗೆ ಎಷ್ಟು ಸಲ ಅಂತ ನಾನು ಲೆಕ್ಕ ಇಟ್ಟಿಲ್ಲ. ಬಲಗಡೆ ರಾಕರ್ ಒಂದನ್ನು ವಾಪಸ್ ಕಳಿಸಿ ಬೇರೆ ತರಿಸಿದರು. ಫ್ಯಾಕ್ಟರಿಯ ಚುಕ್ಕೆ ಇದ್ದ ಕಡೆಯೆಲ್ಲ ಹೊಸ ತಗಡಿಗೆ 8 ಮಿಲಿಮೀಟರ್ ತೂತು ಹೊಡೆದು, ಆ ತೂತನ್ನು ಬೆಸುಗೆಯಿಂದ ತುಂಬುತ್ತಿದ್ದರು. ಉಜ್ಜಿ ಮಟ್ಟ ಮಾಡಿದ ಮೇಲೆ ಫ್ಯಾಕ್ಟರಿ ಕೆಲಸದಂತೆಯೇ ಕಾಣುತ್ತದೆ. ಹೊರಗಿನ ಕ್ವಾರ್ಟರ್ ಪ್ಯಾನೆಲ್‌ಗೆ ಮಾತ್ರ ಬೇರೆ ರೀತಿ. ತಗಡಿನ ಮೇಲೆ ತಗಡು ಏರಿಸದೆ ಅಂಚಿಗೆ ಅಂಚು ಕೂಡಿಸಿ, 0.6 ಮಿಲಿಮೀಟರ್ ತಂತಿಯಲ್ಲಿ ಒಂದು ಚುಕ್ಕೆ ಇಲ್ಲಿ, ಇನ್ನೊಂದು ಅಡಿ ದೂರದಲ್ಲಿ, ಮತ್ತೆ ಮೊದಲಿನ ಕಡೆ. ಒಂದೇ ಕಡೆ ಎಳೆದರೆ ಕಾವಿಗೆ ತಗಡು ಹಪ್ಪಳದಂತೆ ಸುರುಟುತ್ತದೆ. ಎರಡು ಅಡಿ ಉದ್ದದ ಸೀಮ್‌ಗೆ ಅರ್ಧ ದಿನ. ಹತ್ತಿರ ನಿಂತು ನೋಡಿದ ಮೇಲೆ ಗಂಟೆಗೆ 95 ಡಾಲರ್ ಕೊಡಲು ನನಗೆ ಬೇಜಾರಾಗಲಿಲ್ಲ.

ಬೆಸುಗೆ ಮುಗಿದರೆ ಕೆಲಸ ಮುಗಿಯಲಿಲ್ಲ. ಹೊರಗೆ ಎಪಾಕ್ಸಿ ಪ್ರೈಮರ್ ಹೊಡೆಯುವುದು ಎಲ್ಲರಿಗೂ ಗೊತ್ತು. ಪೆಟ್ಟಿಗೆಯಂತೆ ಮುಚ್ಚಿದ ರಾಕರ್, ರೈಲುಗಳ ಒಳಗೆ? ಬೆಸುಗೆಯ ಕಾವಿಗೆ ಒಳಗಿನ ಪ್ರೈಮರ್ ಸುಟ್ಟಿರುತ್ತದೆ. ಅಲ್ಲಿ ಬರೀ ತಗಡು. ಮತ್ತೆ ತುಕ್ಕು ಶುರುವಾಗುವುದು ಸರಿಯಾಗಿ ಅಲ್ಲೇ. ಇವರು ಈಸ್ಟ್‌ವುಡ್ ಕಂಪನಿಯ ಇಂಟರ್ನಲ್ ಫ್ರೇಮ್ ಕೋಟಿಂಗ್ ಬಳಸಿದರು. ಸ್ಪ್ರೇ ಡಬ್ಬಿಗೆ ಎರಡು ಅಡಿ ಉದ್ದದ ಟ್ಯೂಬ್, ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಜಲ್. ಟ್ಯೂಬ್ ಪೂರ್ತಿ ಒಳಗೆ ತೂರಿಸಿ, ಒತ್ತಿಕೊಂಡೇ ನಿಧಾನ ಹೊರಗೆ ಎಳೆಯಬೇಕು. ಆಮೇಲೆ ಬೋರ್‌ಸ್ಕೋಪ್ ಹಾಕಿ ನನಗೆ ತೋರಿಸಿದರು, ಒಳಗೆಲ್ಲ ಒಂದೇ ಸಮ ಹಸಿರು. ಈ ಉತ್ಪನ್ನ ನನಗೆ ತುಂಬಾ ಹಿಡಿಸಿತು. ನಾನೇ ಒಂದು ಡಬ್ಬಿ ತಂದು ಹೆಂಡತಿಯ ಕಾರಿನ ಹಿಂದಿನ ಸಬ್‌ಫ್ರೇಮ್‌ಗೂ ಹೊಡೆದೆ.

ದುಡ್ಡು ಉಳಿಸಲು ಸಣ್ಣಪುಟ್ಟ ಭಾಗ ನಾನೇ ಮನೆಗೆ ತಂದಿದ್ದೆ. ಬಾನೆಟ್ ಕೀಲು, ಬ್ರಾಕೆಟ್, ಬೋಲ್ಟುಗಳನ್ನು ಎವಾಪೊ-ರಸ್ಟ್ ಅನ್ನುವ ತುಕ್ಕು ಬಿಡಿಸುವ ದ್ರಾವಣದಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಆಸಿಡ್ ಅಲ್ಲ, ಕೈ ಸುಡುವುದಿಲ್ಲ, ಹೊಗೆ ಇಲ್ಲ, ಒಳ್ಳೆಯ ತಗಡಿಗೆ ಏನೂ ಆಗುವುದಿಲ್ಲ. ಭಾಗ ಪೂರ್ತಿ ಮುಳುಗಿರಬೇಕು, ಚಳಿಯಲ್ಲಿ ತುಂಬಾ ನಿಧಾನ, ಹಾಗಾಗಿ ಬಕೆಟ್ ಮನೆಯೊಳಗೆ ಇಡಿ. ತೆಗೆದ ತಕ್ಷಣ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಪ್ರೈಮರ್ ಹೊಡೆಯಿರಿ, ಬೆತ್ತಲೆ ಕಬ್ಬಿಣಕ್ಕೆ ಬೇಗನೇ ಕೆಂಪು ಬರುತ್ತದೆ. ಒರಟು ಮೇಲ್ಮೈ ಇದ್ದ ಬ್ರಾಕೆಟ್‌ಗಳಿಗೆ ಪಿಓಆರ್-15 ಹಚ್ಚಿದೆ. ಅದು ಕಲ್ಲಿನಂತೆ ಕೂರುತ್ತದೆ. ಗಾಳಿಯ ತೇವದಿಂದ ಗಟ್ಟಿಯಾಗುವ ಬಣ್ಣ ಅದು, ಆದ್ದರಿಂದ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಿ, ಇಲ್ಲದಿದ್ದರೆ ಡಬ್ಬಿ ಮತ್ತೆ ತೆರೆಯುವುದಿಲ್ಲ. ಬಿಸಿಲು ಬೀಳುವ ಕಡೆ ಮೇಲೆ ಬೇರೆ ಪೇಂಟ್ ಬೇಕು. ಇನ್ನೊಂದು ಮಾತು, ಇವೆಲ್ಲ ಮೇಲ್ಮೈ ತುಕ್ಕಿಗೆ. ತೂತಾದ ತಗಡಿಗೆ ಯಾವ ಡಬ್ಬಿಯಲ್ಲೂ ಔಷಧ ಇಲ್ಲ, ಕತ್ತರಿಸಿ ಹೊಸದು ಹಾಕಲೇಬೇಕು.

ಈಗ ಲೆಕ್ಕ. ಮೊದಲು ಹೇಳಿದ್ದು 9,000ದಿಂದ 14,000 ಡಾಲರ್. ಕೊನೆಗೆ ಆದದ್ದು 22,400. ಅದರಲ್ಲಿ ತಗಡು, ಸಾಮಾನು ಸುಮಾರು 3,600, ಉಳಿದದ್ದೆಲ್ಲ ಕೂಲಿ. ಪೇಂಟ್ ಇದರಲ್ಲಿ ಸೇರಿಲ್ಲ. ಹಿಂದಿನ ರೈಲ್, ಅದಕ್ಕೆ ಸೇರಿದ ಟ್ರಂಕ್ ಫ್ಲೋರ್, ಮುಂದಿನ ರೈಲನ್ನು ರಾಕರ್‌ಗೆ ಸೇರಿಸುವ ಎಡ ಟಾರ್ಕ್ ಬಾಕ್ಸ್, ಇವು ಮೂರೇ ಹೆಚ್ಚಿನ ದುಡ್ಡು ತಿಂದವು. ಪ್ರತಿಯೊಂದಕ್ಕೂ ಫೋನ್ ಬಂದಿತ್ತು, ಪ್ರತಿಯೊಂದಕ್ಕೂ ನಾನೇ ಹೂಂ ಅಂದಿದ್ದೆ. ಹಾಗಾಗಿ ಮೋಸ ಆಯಿತು ಅನ್ನುವ ಭಾವನೆ ಒಂದು ದಿನವೂ ಬರಲಿಲ್ಲ. ಕಷ್ಟ ಆಯಿತು, ಅದು ಬೇರೆ. ಆ ವರ್ಷ ಊರಿಗೆ ಹೋಗುವುದನ್ನು ಮುಂದೂಡಿದೆವು.

ಅರ್ಧ ಅಂಕ ಯಾಕೆ ಕಡಿಮೆ ಅಂದರೆ, ಒಂದು, ನಡುವೆ ಮೂರು ವಾರ ಏನೂ ಸುದ್ದಿ ಇರಲಿಲ್ಲ. ಫೋಟೋ ಇಲ್ಲ, ಫೋನ್ ಎತ್ತಲಿಲ್ಲ. ಯಜಮಾನರಿಗೆ ಹುಷಾರಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು. ಎರಡು, ಬಿಲ್ಲು ಕೈಬರಹದಲ್ಲಿ, ಗಂಟೆಗಳನ್ನೆಲ್ಲ ಒಟ್ಟು ಮಾಡಿ ಬರೆದಿದ್ದರು. ಇನ್ಶೂರೆನ್ಸ್‌ನವರಿಗೆ ಕಾರಿನ ಬೆಲೆ ತೋರಿಸಲು ನನಗೆ ಬಿಡಿಬಿಡಿಯಾದ ಲೆಕ್ಕ ಬೇಕಿತ್ತು, ಕೇಳಿ ಮತ್ತೆ ಬರೆಸಿಕೊಳ್ಳಬೇಕಾಯಿತು. ಮೂರನೆಯದು ನಿಜವಾದ ತಪ್ಪು. ಮನೆಗೆ ತಂದ ಮೊದಲ ವಾರ ಕಾರು ತೊಳೆದೆ. ತೊಳೆದು ಮುಂದೆ ತೆಗೆದರೆ ಬಲಗಡೆ ರಾಕರ್‌ನಿಂದ ಗುಳುಗುಳು ಸದ್ದು. ನೀರು ಹೋಗುವ ತೂತನ್ನು ಸೀಮ್ ಸೀಲರ್, ಅಂದರೆ ತಗಡಿನ ಸಂದಿಗೆ ಮೆತ್ತುವ ಅಂಟು, ಮುಚ್ಚಿಬಿಟ್ಟಿತ್ತು. ಇಷ್ಟೆಲ್ಲ ಮಾಡಿ ಆ ಒಂದು ತೂತು ಬಿಟ್ಟುಹೋದರೆ ಐದು ವರ್ಷದಲ್ಲಿ ಮತ್ತೆ ಅದೇ ಕಥೆ ಅಲ್ವಾ. ಫೋನ್ ಮಾಡಿದೆ. ಯಜಮಾನರು ಅದೇ ಸಂಜೆ ತಾವೇ ಗಾಡಿ ಓಡಿಸಿಕೊಂಡು ನಮ್ಮ ಮನೆಗೆ ಬಂದರು. ತೂತು ಬಿಡಿಸಿ, ಬಿಸಿಗಾಳಿ ಹಾಕಿ ಒಣಗಿಸಿ, ಮತ್ತೆ ಕೋಟಿಂಗ್ ಹೊಡೆದು, ಉಳಿದ ಎಲ್ಲ ತೂತುಗಳನ್ನೂ ತಂತಿ ಹಾಕಿ ನೋಡಿ ಹೋದರು. ದುಡ್ಡು ತಗೊಳ್ಳಲಿಲ್ಲ, ಕಾಫಿ ಕುಡಿದರು.

ಇಂಥ ಶಾಪ್ ಹುಡುಕುವವರು ಪೇಂಟ್ ಮುಗಿದ ಕಾರುಗಳ ಫೋಟೋ ಕೇಳಬೇಡಿ. ಅದು ಎಲ್ಲರ ಹತ್ತಿರವೂ ಇರುತ್ತದೆ. ಕತ್ತರಿಸಿ ಬಿಚ್ಚಿಟ್ಟ ಕಾರಿನ ಫೋಟೋ ಕೇಳಿ, ಬೆಸುಗೆ ಆಗಿ ಇನ್ನೂ ಪ್ರೈಮರ್ ಬೀಳದ ಫೋಟೋ ಕೇಳಿ. ಅಂಥದ್ದು ಇಲ್ಲ ಅಂದರೆ ಬೇರೆ ಕಡೆ ಹೋಗಿ. ಕಾರ್ ಇನ್ನೂ ಕೊಂಡಿಲ್ಲದವರು ಮೂವತ್ತು ನಲವತ್ತು ಡಾಲರಿನ ಬೋರ್‌ಸ್ಕೋಪ್, ಒಂದು ಮ್ಯಾಗ್ನೆಟ್, ಒಂದು ಟಾರ್ಚ್ ತಗೊಂಡು ಹೋಗಿ. ನೀರು ಹಾಕಿ ನೋಡಲು ಮಾರುವವರು ಒಪ್ಪಬೇಕು. ನನ್ನ ಗೆಳೆಯರು ಹಾಗೇ ಮಾಡಿದರು, ಆ ಹೊಸ ಪೇಂಟಿನ ಕಾರು ಬಿಟ್ಟು ಬಂದರು. ಈಗ ಬಣ್ಣ ಮಾಸಿದ, ಆದರೆ ತಗಡು ಗಟ್ಟಿ ಇರುವ, ಒಣ ಹವೆಯ ಅರಿಜೋನದ ಕಾರೊಂದನ್ನು ನೋಡುತ್ತಿದ್ದಾರೆ.

ಈ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದರು. ಕಾರಿನ ಬಗ್ಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ, ಆದರೂ ಅಪ್ಪನಿಗೆ ನಂಬಿಕೆ ಇರಲಿಲ್ಲ. ಒಂದು ಮಧ್ಯಾಹ್ನ ಮ್ಯಾಟ್ ಎತ್ತಿ ಎರಡೂ ಕಡೆ ಇಲ್ಲಿನ ನ್ಯೂಸ್‌ಪೇಪರ್ ಹಾಸಿದರು. ನೀರು ಹಾಕು ಅಂದರು. ಕೌಲ್ ಮೇಲೆ ಪೈಪ್ ಹಿಡಿದು ಹತ್ತು ನಿಮಿಷ ಬಿಟ್ಟೆ, ಎರಡೂ ಫೆಂಡರ್ ಹಿಂದಿನಿಂದ ನೀರು ಧಾರೆಯಾಗಿ ಕೆಳಗೆ ಸುರಿಯಿತು. ಆಮೇಲೆ ಎರಡು ದಿನ ಮಳೆಯೂ ಬಂತು, ಕಾರನ್ನು ಹೊರಗೇ ಬಿಟ್ಟೆವು. ಮೂರನೇ ದಿನ ಬೆಳಿಗ್ಗೆ ಅಪ್ಪ ಪೇಪರ್ ತೆಗೆದು ಕೈಯಲ್ಲಿ ಮುದುಡಿ ನೋಡಿದರು. ಗರಿಗರಿಯಾಗಿಯೇ ಇತ್ತು.